ಅರವತ್ತನೆಯ ಭರತ

ಹುಣ್ಣಿಮೆಯ ಮರುದಿನ ನಮ್ಮ ಊರಿನಲ್ಲಿ ಯಾರೂ ಸಾರು ಮಾಡುವುದಿಲ್ಲ. ಮನೆ ಏಳುವಾಗ ಅರ್ಧ ಚೆಲ್ಲುತ್ತದೆ, ಕೂರುವಾಗ ಉಳಿದದ್ದೂ ಚೆಲ್ಲುತ್ತದೆ. ಹಾಗಾಗಿ ಅವತ್ತು ಎಲ್ಲರ ಮನೆಯಲ್ಲೂ ಕಡುಬು ಮತ್ತು ಗಟ್ಟಿ ಚಟ್ನಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಕಡಲು ಉಕ್ಕಿ ಭರತದ ನೀರು ಹೊಸ್ತಿಲು ಮುಟ್ಟುತ್ತದೆ. ಹನ್ನೊಂದಕ್ಕೆ ಮನೆಗಳು ಒಂದೊಂದಾಗಿ ಏಳುತ್ತವೆ. ಏರುವ ನೀರು ಅವನ್ನು ಉತ್ತರದ ಬಂಡೆಗಳ ಕಡೆಗೆ ಒಯ್ಯುತ್ತದೆ, ಇಳಿಯುವ ನೀರು ದಕ್ಷಿಣದಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಕಡೆಗೆ ತರುತ್ತದೆ. ಮಧ್ಯಾಹ್ನ ಎರಡರ ಹೊತ್ತಿಗೆ ಎಲ್ಲ ಮನೆಗಳೂ ಮರಳಿನ ಮೇಲೆ ಎಲ್ಲೆಲ್ಲೋ ಕೂತಿರುತ್ತವೆ. ಆಗ ನಾವು ಕಿಟಕಿ ತೆಗೆದು ಈ ತಿಂಗಳು ನಮ್ಮ ಪಕ್ಕದವರು ಯಾರು ಎಂದು ನೋಡುತ್ತೇವೆ.

ನಾನು ಈ ಊರಿನ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ವಿಜ್ಞಾನ ಕಲಿಸಿದವಳು. ಹೊಳೆಯಾಚೆಯ ಪಟ್ಟಣದ ಕಾಲೇಜಿನಲ್ಲಿ ಓದುವಾಗ ಮೂರು ವರ್ಷ ಒಂದೇ ಕಡೆ ನಿಂತಿರುವ ಹಾಸ್ಟೆಲಿನಲ್ಲಿ ಇದ್ದೆ. ಕಿಟಕಿ ತೆರೆದರೆ ದಿನವೂ ಅದೇ ಗೋಡೆ, ಅದೇ ಬೇವಿನ ಮರ. ಬಹಳ ಬೇಸರವಾಗುತ್ತಿತ್ತು. ಪದವಿ ಸಿಕ್ಕಿದ ಕೂಡಲೇ ಓಡಿ ಬಂದೆ. ಇಲ್ಲಿ ನೆರೆಮನೆಯ ಜಗಳಕ್ಕೆ ಒಂದು ತಿಂಗಳಿಗಿಂತ ಹೆಚ್ಚು ಆಯುಸ್ಸಿಲ್ಲ. ಮನೆ ಕೂತ ಜಾಗದಲ್ಲಿ ತೆಂಗಿನ ಮರವಿದ್ದರೆ ಆ ತಿಂಗಳ ಕಾಯಿ ನಿಮ್ಮದು, ಮುಂದಿನ ತಿಂಗಳದ್ದು ಇನ್ಯಾರದ್ದೋ. ಅಂಚೆಯವನು ಭರತದ ಮರುದಿನ ಕಾಗದ ಹಂಚುವುದಿಲ್ಲ, ಊರಿಡೀ ನಡೆದು ಯಾರು ಎಲ್ಲಿದ್ದಾರೆ ಎಂದು ಬರೆದುಕೊಳ್ಳುತ್ತಾನೆ. ಮನೆ ಏಳುವ ಬೆಳಿಗ್ಗೆ ಪ್ರತಿಯೊಬ್ಬರೂ ತಮ್ಮ ಅಂಗಳ ಗುಡಿಸುತ್ತಾರೆ. ಅಲ್ಲಿ ಬಂದು ಕೂರುವವರು ಗುಡಿಸಿದ ನೆಲದ ಮೇಲೆ ಕೂರಲಿ ಎಂದು. ಹತ್ತು ನಿಮಿಷದಲ್ಲಿ ನೀರು ಬಂದು ಪೊರಕೆಯ ಗೆರೆಯನ್ನೆಲ್ಲ ಅಳಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಗುಡಿಸುತ್ತಾರೆ.

ಊರಿಗೆ ಎರಡೇ ಕಟ್ಟುಪಾಡು. ಮೊದಲನೆಯದು, ಭರತದ ದಿನ ಹಗ್ಗ ಕೂಡದು. ನಮ್ಮ ಅಜ್ಜಿಯರ ಕಾಲದಲ್ಲಿ ಅಣ್ಣ ತಮ್ಮಂದಿರು ಇಬ್ಬರು ದೂರವಾಗಬಾರದೆಂದು ಮನೆಗೆ ಮನೆ ಕಟ್ಟಿಕೊಂಡು, ಎರಡೂ ಮನೆ ಒಂದನ್ನೊಂದು ಎಳೆದು ಮಗುಚಿದವಂತೆ. ಅಂದಿನಿಂದ ಬಾವಿಯ ಹಗ್ಗ, ಬಟ್ಟೆ ಒಣಗಿಸುವ ಹಗ್ಗ, ದನದ ಹಗ್ಗ, ತೊಟ್ಟಿಲ ಹಗ್ಗ ಎಲ್ಲವನ್ನೂ ಹಿಂದಿನ ದಿನವೇ ಗುಡ್ಡದ ಮೇಲಿನ ಕೊಟ್ಟಿಗೆಗೆ ಒಪ್ಪಿಸಬೇಕು. ಅವತ್ತು ಊರಿನ ಎಳೆಮಕ್ಕಳೆಲ್ಲ ಯಾರದ್ದಾದರೂ ಮಡಿಲಿನಲ್ಲೇ ಮಲಗುತ್ತವೆ. ಎರಡನೆಯದು ಮದುವೆಯದು. ಹುಡುಗನ ಮನೆ ಹುಡುಗಿಯ ಮನೆ ಒಮ್ಮೆಯಾದರೂ ಅಕ್ಕಪಕ್ಕ ಕೂರಬೇಕು, ಕೂರಿಸುವುದು ಭರತವೇ ಆಗಬೇಕು. ಯಾರೂ ಮನೆಯ ಭಾರ ಹೆಚ್ಚು ಕಡಿಮೆ ಮಾಡಿ ಅದರ ಕೆಲಸದಲ್ಲಿ ಕೈ ಹಾಕಬಾರದು. ನಿಶ್ಚಯವಾಗಿ ಅರವತ್ತು ಭರತ ಕಳೆದರೂ ಪಕ್ಕ ಕೂರದಿದ್ದರೆ ಆ ಮಾತು ಅಲ್ಲಿಗೆ ಮುಗಿಯಿತು, ಇಬ್ಬರೂ ಬೇರೆ ಕಡೆ ನೋಡಿಕೊಳ್ಳಬೇಕು. ಸಾಮಾನ್ಯವಾಗಿ ಆರೇಳು ತಿಂಗಳಲ್ಲಿ ಆಗಿಬಿಡುತ್ತದೆ. ನನ್ನದು ಹನ್ನೊಂದು ತಿಂಗಳು ಹಿಡಿಯಿತು, ಅಷ್ಟಕ್ಕೇ ನನ್ನ ಅಮ್ಮ ಮೂರು ಹರಕೆ ಹೊತ್ತಿದ್ದಳು.

ವಾರಿಜ ಮತ್ತು ಭುಜಂಗ ಐವತ್ತೊಂಬತ್ತು ಭರತ ಕಾದಿದ್ದರು.

ವಾರಿಜ ನಮ್ಮ ಶಾಲೆಯ ಅಡುಗೆಯವಳು, ಮೂವತ್ತಮೂರು ವರ್ಷದವಳು. ಇನ್ನೂರು ಮಕ್ಕಳಿಗೆ ಬಡಿಸುವಾಗ ಯಾರು ಬೆಳಿಗ್ಗೆ ತಿಂದು ಬಂದಿಲ್ಲ ಎಂದು ಮುಖ ನೋಡಿಯೇ ತಿಳಿದು, ಅವರ ತಟ್ಟೆಗೆ ಏನೂ ಹೇಳದೆ ಇನ್ನೊಂದು ಸೌಟು ಹಾಕುವವಳು. ಅಪ್ಪ ತೀರಿಕೊಂಡ ಮೇಲೆ ಅವಳ ಮನೆಯಲ್ಲಿ ಒಂದು ಚಾಪೆ, ಒಂದು ಪೆಟ್ಟಿಗೆ, ನಾಲ್ಕು ಪಾತ್ರೆ ಬಿಟ್ಟರೆ ಏನೂ ಇರಲಿಲ್ಲ. ಅಷ್ಟು ಹಗುರದ ಮನೆ ನೀರು ಪೂರ್ತಿ ಇಳಿಯುವವರೆಗೂ ತೇಲುತ್ತಲೇ ಇದ್ದು, ಪ್ರತಿ ತಿಂಗಳೂ ಅಳಿವೆಯ ಹತ್ತಿರ, ಊರಿನ ಕಟ್ಟಕಡೆಯ ಮನೆಯಾಗಿ ಕೂರುತ್ತಿತ್ತು. ಭುಜಂಗ ಹೊಲಿಗೆ ಮಿಷನ್ನು, ದೋಣಿಯ ಇಂಜಿನ್ನು ರಿಪೇರಿ ಮಾಡುವವನು. ಅವನ ಮನೆ ತುಂಬ ಕಬ್ಬಿಣ. ಅದು ನೀರು ಸ್ವಲ್ಪ ತಗ್ಗಿದ ಕೂಡಲೇ ಉತ್ತರದ ಬಂಡೆಗಳ ಬುಡದಲ್ಲಿ ಕೂತುಬಿಡುತ್ತಿತ್ತು. ಇಬ್ಬರ ನಡುವೆ ಊರಿಡೀ ಇರುತ್ತಿತ್ತು.

ಕೊನೆಯ ಭರತಕ್ಕೆ ಹತ್ತು ದಿನ ಇರುವಾಗ ವಾರಿಜ ನಮ್ಮ ಮನೆಗೆ ಬಂದಳು. ಆ ತಿಂಗಳು ನನ್ನ ಮನೆ ಅವಳ ಮನೆಯಿಂದ ನಲವತ್ತು ಹೆಜ್ಜೆ ದೂರದಲ್ಲಿತ್ತು. ಕೈಯಲ್ಲಿ ಒಂದು ಕಾಗದದ ಪೊಟ್ಟಣ. ಬಿಚ್ಚಿದರೆ ಹಸಿರು ಸೀರೆ, ಮಡಿಕೆಯ ಗೆರೆಯಲ್ಲಿ ಬಣ್ಣ ತುಸು ಮಾಸಿತ್ತು. ನಿಶ್ಚಯವಾದ ವರ್ಷ ತೆಗೆದದ್ದು.

"ಟೀಚರೇ, ನಿಮಗೆ ಗೊತ್ತಿರುವ ಹುಡುಗಿ ಯಾರಾದ್ರೂ ಇದ್ರೆ ಇದನ್ನು ಕೊಡ್ಬಹುದು. ಇನ್ನೂ ಉಡಲೇ ಇಲ್ಲ ನೋಡಿ" ಎಂದಳು, ನಗುತ್ತಲೇ.

"ಇನ್ನೊಂದು ಭರತ ಉಂಟಲ್ಲ ಮಾರಾಯ್ತಿ."

"ಉಂಟು. ಐವತ್ತೊಂಬತ್ತು ಸರ್ತಿ ಆಗದ್ದು ಅರವತ್ತನೇ ಸರ್ತಿಗೆ ಆಗ್ಲಿಕ್ಕೆ ನನ್ನ ಮನೆಗೆ ಹೊಸ ಬುದ್ಧಿ ಬರ್ತದಾ?"

"ಎಲ್ಲಿಗಾದರೂ ಹೋಗಿ ಮದುವೆ ಮಾಡಿಕೊಳ್ಳಬಹುದಿತ್ತು ನೀವಿಬ್ಬರು. ನಾನೇ ಹೇಳಿದ್ದೆ."

"ಹೋದ್ರೆ ವಾಪಸ್ ಬರ್ಲಿಕ್ಕಾಗ್ತದಾ? ನಿಂತ ಮನೆಯಲ್ಲಿ ಅವನಿಗೆ ನಿದ್ದೆ ಬರುವುದಿಲ್ಲ ಟೀಚರೇ. ಪಟ್ಟಣಕ್ಕೆ ಸಾಮಾನು ತರ್ಲಿಕ್ಕೆ ಹೋದ್ರೆ ಎರಡು ದಿನ ಕಣ್ಣು ಕೆಂಪು ಮಾಡ್ಕೊಂಡು ಬರ್ತಾನೆ."

ಮಾತಾಡುತ್ತಲೇ ಅವಳು ಸೀರೆಯ ಅಂಚನ್ನು ಅಂಗೈಯಿಂದ ನೇವರಿಸುತ್ತಿದ್ದಳು. ಕೊಟ್ಟುಬಿಡುತ್ತೇನೆ ಎಂದವಳು ಹೋಗುವಾಗ ಪೊಟ್ಟಣವನ್ನು ಮತ್ತೆ ಕಂಕುಳಲ್ಲಿ ಇಟ್ಟುಕೊಂಡೇ ಹೋದಳು. ಅದು ನನ್ನ ಮನಸ್ಸಿನಿಂದ ಹೋಗಲಿಲ್ಲ.

ಎಪ್ಪತ್ತೊಂದು ವರ್ಷ ನಾನು ಊರಿನ ಕಟ್ಟು ಮುರಿದವಳಲ್ಲ. ಆದರೆ ತೇಲುವ ವಸ್ತು ಎಷ್ಟು ಆಳಕ್ಕೆ ಇಳಿಯುತ್ತದೆ, ಯಾಕೆ ಇಳಿಯುತ್ತದೆ ಎಂದು ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಮಾಡಿದ್ದೆ. ಪೆನ್ಸಿಲು ಹಿಡಿದು ಕೂತೆ. ವಾರಿಜಳ ಮನೆಯ ಅಗಲ, ಉದ್ದ, ಭರತ ಇಳಿಯುವ ವೇಗ ಎಲ್ಲ ಬರೆದು ನೋಡಿದೆ. ಗುಂಡಿನ ಸಮೇತ ಒಂದು ದೊಡ್ಡ ರುಬ್ಬುವ ಕಲ್ಲು ಇಟ್ಟರೆ ಅವಳ ಮನೆ ಎಂದಿಗಿಂತ ಸ್ವಲ್ಪ ಮೊದಲು, ಅಳಿವೆಗಿಂತ ಈಚೆ ಕೂರುತ್ತದೆ. ಭುಜಂಗನ ಮನೆಯಿಂದ ಸ್ವಲ್ಪ ಕಬ್ಬಿಣ ಹೊರಗೆ ಹೋದರೆ ಅವನು ಸ್ವಲ್ಪ ಮುಂದೆ ಬರುತ್ತಾನೆ. ಊರಿನ ನಡುವೆ ಎಲ್ಲೋ ಇಬ್ಬರೂ ಸಿಗಬಹುದು. ಇಷ್ಟು ಸುಲಭದ ವಿಷಯ ಇಡೀ ಊರಿನಲ್ಲಿ ಇನ್ಯಾರಿಗೂ ಹೊಳೆದಿಲ್ಲವಲ್ಲ, ಕಲಿತದ್ದಕ್ಕೆ ಒಂದು ಪ್ರಯೋಜನವಾಯಿತು ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು.

ನಮ್ಮಲ್ಲಿ ಪ್ರತಿ ಮನೆಯ ನೆಲದಡಿಗೆ ದೋಣಿಯಂಥ ಪೊಳ್ಳು ಇರುತ್ತದೆ, ಅದಕ್ಕೆ ಮನೆಯ ಹೊಟ್ಟೆ ಎನ್ನುತ್ತೇವೆ. ಹಿಂಬದಿಯಲ್ಲಿ ಅದಕ್ಕೊಂದು ಹಲಗೆಯ ಮುಚ್ಚಳ. ವಾರಿಜ ಶಾಲೆಗೆ ಹೋಗಿದ್ದ ಒಂದು ಬೆಳಿಗ್ಗೆ, ಒಂದು ಮರದ ಸನ್ನೆಗೋಲು ಹಿಡಿದು ನನ್ನ ರುಬ್ಬುವ ಕಲ್ಲನ್ನು ಅಡ್ಡ ಮಲಗಿಸಿ ಉರುಳಿಸಿಕೊಂಡು ಹೋದೆ. ನಲವತ್ತು ಹೆಜ್ಜೆಗೆ ಒಂದೂವರೆ ಗಂಟೆ ಹಿಡಿಯಿತು. ನಡುವೆ ಲೂಸಿ ಬಾಯಿ ಎದುರಾದರು. ಅವರು ಊರಿನ ಸೂಲಗಿತ್ತಿ, ನನಗಿಂತ ಎರಡು ವರ್ಷ ಚಿಕ್ಕವರು, ಯಾರ ಗುಟ್ಟನ್ನೂ ಬಿಟ್ಟುಕೊಡದವರು.

"ಎಂತ ಟೀಚರೇ, ಕಲ್ಲನ್ನು ತಿರುಗಾಡ್ಲಿಕ್ಕೆ ಕರ್ಕೊಂಡು ಹೊರಟದ್ದಾ?"

"ತೊಳೆಯಲಿಕ್ಕೆ. ಸಮುದ್ರದ ನೀರಿನಲ್ಲಿ ತೊಳೆದರೆ ಒಳ್ಳೆಯದಂತೆ."

"ಹೌದೌದು. ಸಮುದ್ರ ಆ ಬದಿಯಲ್ಲಿ ಉಂಟು" ಎಂದು ತೋರಿಸಿ, ಇನ್ನೇನೂ ಕೇಳದೆ ಹೋದರು. ಆಗ ಅದು ನನಗೆ ಅವರ ಒಳ್ಳೆಯತನವೆಂದು ಮಾತ್ರ ಕಂಡಿತು. ಮುಚ್ಚಳ ಸರಿಸಿ ಕಲ್ಲನ್ನು ಕತ್ತಲಿಗೆ ದೂಡಿದಾಗ ಅದು ಎಂಥದ್ದಕ್ಕೋ ಬಡಿದು ಠಣ್ ಎಂದಿತು. ಹಲಗೆಗೆ ಬಡಿದರೆ ಆ ಸದ್ದು ಬರುವುದಿಲ್ಲ. ವಿಜ್ಞಾನ ಕಲಿಸಿದವಳು ಅಷ್ಟನ್ನಾದರೂ ಯೋಚಿಸಬೇಕಿತ್ತು. ನಾನು ಬೆನ್ನು ನೀವಿಕೊಳ್ಳುತ್ತ ಮನೆಗೆ ಬಂದೆ.

ಮರುದಿನ ಉತ್ತರದ ಬಂಡೆಯವರೆಗೆ ನಡೆದು ಭುಜಂಗನ ಮನೆಗೆ ಹೋದೆ. ರಿಪೇರಿಗೆ ಕೊಟ್ಟಿದ್ದ ನನ್ನ ಹೊಲಿಗೆ ಮಿಷನ್ನು ಅಲ್ಲೇ ಇತ್ತು. ಅಂಗಳದಲ್ಲಿ ಆಗಲೇ ಇಬ್ಬರು ತಮ್ಮ ದೋಣಿಯ ಇಂಜಿನ್ನನ್ನು ಹೊತ್ತುಕೊಂಡು ಹೊರಟಿದ್ದರು. ಜಗಲಿಯಲ್ಲಿ ಭುಜಂಗನ ತಾಯಿ ಸುಂದರಿ ಕೆನ್ನೆಗೆ ಕೈ ಇಟ್ಟು ಕೂತಿದ್ದರು.

"ನೀವೂ ಮಿಷನ್ ವಾಪಸ್ ಕೇಳ್ಲಿಕ್ಕೆ ಬಂದದ್ದಾ ಟೀಚರೇ? ಅದು ಇನ್ನೂ ರಿಪೇರಿ ಆಗ್ಲಿಲ್ಲ."

"ಪರವಾಗಿಲ್ಲ ಸುಂದರಿ. ಒಂದು ಲಂಗ ಹೊಲಿಯಲಿಕ್ಕೆ ಉಂಟು."

"ಹಾಳಾದ ಮಿಷನ್ನಿನಲ್ಲಿ?"

"ಕೈಯಲ್ಲಿ ತಿರುಗಿಸಿಕೊಳ್ತೇನೆ."

ಸುಂದರಿ ಒಳಗೆ ನೋಡಿ ದನಿ ತಗ್ಗಿಸಿದರು. "ಎಂಟು ದಿನದಿಂದ ಇದೇ ಕತೆ. ಒಬ್ಬ ಬರ್ತಾನೆ, ಇಂಜಿನ್ ಕೊಡು ಅಂತಾನೆ. ಇನ್ನೊಬ್ಬಳು ಬರ್ತಾಳೆ, ಚಕ್ರ ಕೊಡು ಅಂತಾಳೆ. ಯಾರಿಗೂ ರಿಪೇರಿ ಬೇಡ. ನಮ್ಮ ಭುಜಂಗನ ಕೈಗುಣ ಹೋಯ್ತು ಅಂತ ಊರೆಲ್ಲ ಸುದ್ದಿ ಆಗಿದೆಯಾ? ಮದುವೆಯೂ ಇಲ್ಲ, ಈಗ ಕೆಲಸವೂ ಇಲ್ಲ."

ಭುಜಂಗ ಹೊರಗೆ ಬಂದ. ಎತ್ತರದ, ಮಾತು ಕಡಿಮೆಯ ಮನುಷ್ಯ. ನನ್ನ ಮಿಷನ್ನನ್ನು ಬಟ್ಟೆಯಿಂದ ಒರೆಸಿ ಕೈಗಾಡಿಗೆ ಏರಿಸಿಕೊಟ್ಟ. "ಸೂಜಿಯ ಹತ್ತಿರ ಎಣ್ಣೆ ಬಿಟ್ಟಿದ್ದೇನೆ ಟೀಚರೇ. ಲಂಗಕ್ಕೆ ಕಲೆ ಆಗದ ಹಾಗೆ ನೋಡ್ಕೊಳ್ಳಿ" ಎಂದ. ನನಗೆ ಅವನ ಮುಖ ನೋಡಲಾಗಲಿಲ್ಲ.

ಭರತದ ದಿನ ಬಿಸಿಲು ಚೆನ್ನಾಗಿತ್ತು. ಅಂಗಳ ಗುಡಿಸಿ, ರುಬ್ಬುವ ಕಲ್ಲಿಲ್ಲದೆ ಉಳಿದಿದ್ದ ಅಕ್ಕಿತರಿಯಲ್ಲಿ ಮಾಡಿದ ಕಡುಬಿನ ಪಾತ್ರೆಯನ್ನು ಜಗಲಿಗೆ ತಂದಿಟ್ಟು ಕೂತೆ. ಸಮುದ್ರದ ಮೊದಲ ಅಲೆ ಮರಳನ್ನು ನೆಕ್ಕುತ್ತ ಬಂದು ಮೆಟ್ಟಿಲಿಗೆ ತಾಗಿತು. ಎರಡನೆಯದು ಮೆಟ್ಟಿಲನ್ನು ನುಂಗಿತು. ಎಷ್ಟು ನೂರು ಸಲ ನೋಡಿದ್ದರೂ, ನೆಲ ಬಿಡುವ ಆ ಕ್ಷಣದಲ್ಲಿ ನಾನು ಈಗಲೂ ಜಗಲಿಯ ಕಂಬ ಹಿಡಿದುಕೊಳ್ಳುತ್ತೇನೆ. ಮನೆ ಒಮ್ಮೆ ನರಳಿ, ಎಡಕ್ಕೆ ವಾಲಿ, ಮತ್ತೆ ಸಮನಾಗಿ ಎದ್ದಿತು. ದೂರದಲ್ಲಿ ಮಹಾಬಲ ಗುರಿಕಾರರ ಶಂಖದ ಸದ್ದು ಕೇಳಿತು. ಅವರು ಊರಿನ ಹಿರಿಯರು, ಕಟ್ಟು ಕಾಯುವವರು, ಎಂಬತ್ತು ದಾಟಿದ್ದರೂ ಒಂದು ಹಗ್ಗದ ತುಂಡನ್ನೂ ಬಿಡದೆ ಲೆಕ್ಕ ಹಿಡಿದು ಕೊಟ್ಟಿಗೆಗೆ ಹಾಕಿಸುವವರು.

ನೀರಿನ ಮೇಲೆ ಊರು ಚಲಿಸತೊಡಗಿತು. ಒಂದು ಜಗಲಿಯಿಂದ ಇನ್ನೊಂದು ಜಗಲಿಗೆ ಕಡುಬು ದಾಟಿತು, ಆ ಸಲ ಎಲ್ಲರದ್ದೂ ತರಿಯ ಕಡುಬೇ, ಮಗು ದಾಟಿತು. ಐದು ನಿಮಿಷ ನನ್ನ ಮನೆಯ ಜೊತೆಗೆ ತೇಲಿದ ಯಾರದ್ದೋ ಅಡುಗೆಮನೆಯಿಂದ ಬಿಸಿ ಕಾಫಿ ಬಂತು, ಲೋಟ ವಾಪಸು ಕೊಡುವಷ್ಟರಲ್ಲಿ ಅವರು ದೂರ ಹೋಗಿದ್ದರು. ಆದರೆ ಆ ದಿನ ಎಲ್ಲ ಮನೆಗಳೂ ಸ್ವಲ್ಪ ಎತ್ತರವಾಗಿಯೇ ತೇಲುತ್ತಿದ್ದಂತೆ ಕಂಡಿತು. ಲೂಸಿ ಬಾಯಿ ತಮ್ಮ ಕಿಟಕಿಯಿಂದ, "ಎಂತ ಟೀಚರೇ, ಇವತ್ತು ನಿಮ್ಮ ಮನೆ ಹುಡುಗಿಯ ಹಾಗೆ ಕುಣೀತಾ ಉಂಟಲ್ಲ" ಎಂದರು. ಅವರದ್ದೂ ಕುಣಿಯುತ್ತಿತ್ತು.

ನೀರು ತಿರುಗಿತು. ಇಳಿತ ನಮ್ಮನ್ನೆಲ್ಲ ದಕ್ಷಿಣಕ್ಕೆ ತರತೊಡಗಿತು. ಬೇರೆ ತಿಂಗಳಾದರೆ ಕೂರುವಷ್ಟು ನೀರು ತಗ್ಗಿತು, ಆದರೆ ಮನೆ ಕೂರಲಿಲ್ಲ. ಸುತ್ತ ನೋಡಿದೆ. ಯಾರ ಮನೆಯೂ ಕೂರುತ್ತಿರಲಿಲ್ಲ. ಇಡೀ ಊರು ಅಳಿವೆಯ ಕಡೆಗೆ ಜಾರುತ್ತಿತ್ತು, ದಕ್ಷಿಣದ ಕೊನೆಯ ಮರಳ ದಿಬ್ಬಕ್ಕೆ ಬಂದು ಒಂದರ ಹಿಂದೆ ಒಂದು ಮನೆ ತಳ ಊರಿತು. ಆಗ ನಮಗೆಲ್ಲ ಒಟ್ಟಿಗೇ ಕಂಡದ್ದು ವಾರಿಜಳ ಮನೆ.

ಅದು ಎದ್ದೇ ಇರಲಿಲ್ಲ. ಹಿಂದಿನ ತಿಂಗಳು ಕೂತಿದ್ದ ಜಾಗದಲ್ಲೇ, ಅಳಿವೆಯ ಬಾಯಿಗೆ ಹತ್ತಿರ, ಎದೆಯೆತ್ತರ ನೀರಿನಲ್ಲಿ ಬಂಡೆಯ ಹಾಗೆ ನಿಂತಿತ್ತು. ಕಿಟಕಿಯಿಂದ ಒಂದು ಪಾತ್ರೆ ತೇಲಿ ಹೊರಗೆ ಬಂತು. ವಾರಿಜ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟುಕೊಂಡು ಮನೆಯ ಮಾಡು ಹತ್ತಿ ಕೂತಿದ್ದಳು. ಮನೆ ಏಳದಿರುವುದನ್ನು ನಮ್ಮಲ್ಲಿ ಯಾರೂ ಕಂಡವರಿಲ್ಲ. ನನ್ನ ಒಂದು ಕಲ್ಲು ಇಷ್ಟೆಲ್ಲ ಮಾಡಿತೇ ಎಂದುಕೊಂಡೆ.

ಅಷ್ಟರಲ್ಲಿ ಯಾರೋ "ಭುಜಂಗ ಬರ್ತಾ ಇದ್ದಾನೆ" ಎಂದರು.

ಅವನ ಮನೆ ಎಲ್ಲರಿಗಿಂತ ಹಿಂದೆ, ಎಲ್ಲರಿಗಿಂತ ವೇಗವಾಗಿ ಬರುತ್ತಿತ್ತು. ಕಬ್ಬಿಣವೆಲ್ಲ ಖಾಲಿಯಾಗಿ ಅದು ತೆಂಗಿನ ಸಿಪ್ಪೆಯ ಹಾಗೆ ನೀರಿನ ಮೇಲೆ ಮೇಲೆ ತೇಲುತ್ತಿತ್ತು. ಅದು ಮರಳ ದಿಬ್ಬವನ್ನು ಸವರಿಯೂ ಹೋಗಲಿಲ್ಲ. ಅಳಿವೆಯಲ್ಲಿ ಹೊಳೆಯ ನೀರೂ ಇಳಿತವೂ ಸೇರಿ ಕಡಲಿಗೆ ನುಗ್ಗುವ ಸದ್ದು ನಮ್ಮ ಜಗಲಿಗೆ ಕೇಳುತ್ತಿತ್ತು. ಅದರಾಚೆ ಮನೆ ಕೂರುವುದಕ್ಕೆ ನೆಲವಿಲ್ಲ. ಜಗಲಿಯಲ್ಲಿ ಭುಜಂಗ ನಿಂತಿದ್ದ, ಹಿಂದೆ ಸುಂದರಿ ಕಂಬ ಹಿಡಿದು ಕೂತಿದ್ದರು.

ವಾರಿಜ ಪೆಟ್ಟಿಗೆ ತೆರೆದಳು. ಊರಿನ ಹಗ್ಗವೆಲ್ಲ ಗುಡ್ಡದ ಮೇಲಿತ್ತು. ಅವಳು ದಿನ ಉಡುವ ನೂಲಿನ ಸೀರೆಗಳನ್ನು ತೆಗೆದು ತಿರುಚಿ ತಿರುಚಿ ಗಂಟು ಹಾಕತೊಡಗಿದಳು. ಒಂದು ತುದಿಯನ್ನು ಮಾಡಿನ ತೊಲೆಗೆ ಬಿಗಿದಳು. ಆರು ಸೀರೆ ಮುಗಿದವು. ಕಣ್ಣಳತೆಯಲ್ಲಿ ನೋಡಿದಳು, ಸಾಲದು. ಪೆಟ್ಟಿಗೆಯ ತಳದಿಂದ ಕಾಗದದ ಪೊಟ್ಟಣ ತೆಗೆದು ಹಸಿರು ಸೀರೆಯನ್ನೂ ಕಟ್ಟಿದಳು. ತುದಿಗೆ ಭಾರಕ್ಕೆ ಪೆಟ್ಟಿಗೆಯಲ್ಲೇ ಇದ್ದ ಶಾಲೆಯ ದೊಡ್ಡ ಸೌಟು.

ಭುಜಂಗನಿಗೆ ಅರ್ಥವಾಯಿತು. "ವಾರಿಜ, ಹಾಕ್ಬೇಡ" ಎಂದು ಕೂಗಿದ. "ಹಾಕಿದ್ರೆ ಮುಗೀತು. ಗುರಿಕಾರರು ನೋಡ್ತಾ ಇದ್ದಾರೆ."

"ಹಾಕದಿದ್ರೂ ಮುಗೀತು. ಹಿಡ್ಕೊ."

"ಮುಂದೆ ಎಲ್ಲಾದ್ರೂ ತಳ ಸಿಕ್ತದೆ. ಹಾಕ್ಬೇಡ ಅಂದೆನಲ್ಲ."

"ನಿನ್ನ ಮುಂದೆ ಇರುವುದು ಸಮುದ್ರ ಮಾರಾಯ."

ಅವಳು ಎದ್ದು ನಿಂತು ಸೌಟನ್ನು ಎರಡು ಸುತ್ತು ಬೀಸಿ ಎಸೆದಳು. ಇನ್ನೂರು ಜನರ ಅನ್ನ ಕಲಕುವ ತೋಳು ಅದು. ಸೌಟು ಭುಜಂಗನ ಜಗಲಿಯ ಮೇಲೆ ಬಿದ್ದು ಜಾರಿತು. ಅವನು ಕೈ ಕಟ್ಟಿಕೊಂಡು ನಿಂತ. ಸೌಟು ಅಂಚಿನವರೆಗೆ ಜಾರಿ ಹೋಯಿತು. ಆಗ ಸುಂದರಿ ಕೂತಲ್ಲಿಂದಲೇ ಕಾಲು ಚಾಚಿ ಅದನ್ನು ಮೆಟ್ಟಿದರು, ಬಗ್ಗಿ ಎತ್ತಿಕೊಂಡು ಕಂಬಕ್ಕೆ ಮೂರು ಸುತ್ತು ಸುತ್ತಿದರು.

"ನಿಮಗೆ ಮದುವೆ ಬೇಡದಿದ್ರೆ ಬೇಡ" ಎಂದರು ಮಗನಿಗೆ. "ನನಗೆ ಈ ವಯಸ್ಸಿನಲ್ಲಿ ಸಮುದ್ರದ ನಡುವೆ ಸಂಸಾರ ಮಾಡ್ಲಿಕ್ಕೆ ಆಗುವುದಿಲ್ಲ."

ಏಳು ಸೀರೆಗಳು ನೀರಿನಿಂದ ಎದ್ದು ಬಿಗಿದವು. ಹನಿಗಳು ಉದುರಿದವು. ನಾವೆಲ್ಲ ಆ ಗಂಟುಗಳನ್ನೇ ನೋಡುತ್ತಿದ್ದೆವು. ಭುಜಂಗನ ಮನೆ ಒಮ್ಮೆ ಎಳೆದು, ನಿಂತು, ಬಾಗಿಲು ತಿರುಗಿಸಿಕೊಂಡು ನಿಧಾನವಾಗಿ ಅರ್ಧ ಸುತ್ತು ಹೊಡೆಯಿತು. ವಾರಿಜಳ ಮನೆಯ ಪೂರ್ವದ ಗೋಡೆಗೆ ಬಂದು ಮೆಲ್ಲಗೆ ಭುಜ ತಾಗಿಸಿತು. ನೀರು ಇಳಿಯಿತು. ಮನೆ ಕೂತಿತು. ಎರಡು ಮನೆಗಳ ನಡುವೆ ಒಂದು ಗೇಣೂ ಇರಲಿಲ್ಲ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾಕೆಂದರೆ ಗುರಿಕಾರರು ಒದ್ದೆ ಮರಳಿನ ಮೇಲೆ ಕೋಲೂರಿಕೊಂಡು ಬರುತ್ತಿದ್ದರು. ಊರೆಲ್ಲ ಅವರ ಹಿಂದೆ ಹೋಗಿ ಸುತ್ತ ನಿಂತಿತು. ವಾರಿಜ ಮಾಡಿನಿಂದ ಇಳಿದಳು. ಭುಜಂಗ ಅವಳ ಪಕ್ಕ ಬಂದು ನಿಂತ, ಮುಟ್ಟಲಿಲ್ಲ.

"ಹಗ್ಗ ಹಾಕಿದ್ದು ನೀನು" ಎಂದರು ಗುರಿಕಾರರು.

"ಹೌದು."

"ಹಾಕಿದ್ರೆ ಎಂತ ಆಗ್ತದೆ ಅಂತ ಗೊತ್ತುಂಟಲ್ಲ?"

"ಗೊತ್ತುಂಟು. ಮದುವೆ ಇಲ್ಲ." ಅವಳು ಮುಖದ ನೀರು ಒರೆಸಿಕೊಂಡಳು. "ಅವರಿಬ್ರೂ ಹೋಗ್ತಿದ್ರು ಗುರಿಕಾರ್ರೇ. ಅಷ್ಟೇ ನನಗೆ ಕಂಡದ್ದು."

ಗುರಿಕಾರರು ವಾರಿಜಳ ಮನೆಯ ಗೋಡೆಗೆ ಕೋಲು ತಟ್ಟಿ ನೋಡಿದರು. ಆಮೇಲೆ ಕೋಲಿನಿಂದ ಅವಳ ಮನೆ ತೋರಿಸಿ, "ಇದು ಎಂತಕ್ಕೆ ಏಳ್ಲಿಲ್ಲ?" ಎಂದು ಕೇಳಿದರು. ವಾರಿಜ ಗೊತ್ತಿಲ್ಲವೆಂದು ತಲೆಯಾಡಿಸಿದಳು. "ಹೊಟ್ಟೆ ತೆಗೀರಿ" ಎಂದರು.

ಇಬ್ಬರು ಹಿಂಬದಿಯ ಮುಚ್ಚಳ ಕಿತ್ತರು. ನಾನು ಕಣ್ಣು ಮುಚ್ಚಿಕೊಂಡೆ. ಜನ ಸದ್ದೇ ಮಾಡದ್ದರಿಂದ ಮತ್ತೆ ತೆರೆದೆ. ಒಳಗೆ ಕಲ್ಲುಗಳು. ರುಬ್ಬುವ ಕಲ್ಲುಗಳು. ಕಪ್ಪು, ಬೂದು, ಸಣ್ಣದು, ದೊಡ್ಡದು, ಒಂದರ ಮೇಲೊಂದು, ಮೇಲಿನ ನೆಲದ ಹಲಗೆಯವರೆಗೆ. ಮುಚ್ಚಳದ ಹತ್ತಿರ ನನ್ನದು. ನನ್ನ ಬಲಗಡೆ ನಿಂತ ಲೂಸಿ ಬಾಯಿ ಕೆಮ್ಮಿದರು. ಎಡಗಡೆ ನಿಂತ ಮೀನುಗಾರ ಕಡಲಿನಲ್ಲಿ ಎಂಥದ್ದೋ ಹುಡುಕತೊಡಗಿದ. ಇಡೀ ಊರು ತನ್ನ ಕಾಲಬೆರಳು ನೋಡಿಕೊಳ್ಳುತ್ತಿತ್ತು. ನಾನೊಬ್ಬಳೇ ಬುದ್ಧಿವಂತೆ ಎಂದುಕೊಂಡಿದ್ದೆನಲ್ಲ, ನನಗೆ ನಾಚಿಕೆಯಾಯಿತು, ಅದರ ಹಿಂದೆಯೇ ನಗುವೂ ಬಂತು. ಪ್ರತಿಯೊಬ್ಬರೂ ಒಂದೇ ಕಲ್ಲು ಹಾಕಿದ್ದರು. ಒಂದು ಸಾಕೆಂದು ಪ್ರತಿಯೊಬ್ಬರ ಲೆಕ್ಕವೂ ಸರಿಯಾಗಿಯೇ ಇತ್ತು.

ಗುರಿಕಾರರು ಟಾರ್ಚು ಹಾಕಿ ಒಳಗೆ ಬಗ್ಗಿ ನೋಡಿದರು. ಆರಿಸಿದರು. ಮತ್ತೆ ಹಾಕಿ ನೋಡಿದರು.

"ನಲವತ್ತೊಂದು" ಎಂದರು. "ಯಾರ್ಯಾರದ್ದು, ಹೇಳಿ. ಕಲ್ಲಿನ ವಿಚಾರ ಮೊದಲು ಮುಗೀಲಿ. ಆಮೇಲೆ ಹಗ್ಗದ್ದು."

ಇಬ್ಬರು ಮಕ್ಕಳನ್ನು ನಡುವೆ ನಿಲ್ಲಿಸಿ ಶಿಕ್ಷೆ ಕೊಡುವಾಗ ತಪ್ಪು ಮಾಡಿದ ಮೂರನೆಯವನು ಸುಮ್ಮನಿರಬಾರದು ಎಂದು ಎಷ್ಟು ತರಗತಿಗಳಿಗೆ ಹೇಳಿದ್ದೆ. ನಾನು ಒಂದು ಹೆಜ್ಜೆ ಮುಂದೆ ಇಟ್ಟೆ. ಲೂಸಿ ಬಾಯಿ ನನ್ನ ಸೆರಗು ಹಿಡಿದು ಜಗ್ಗಿದರು. ಆದರೆ ಗುರಿಕಾರರು ನೋಡಿಬಿಟ್ಟಿದ್ದರು.

"ಎಂತದೋ ಹೇಳ್ಲಿಕ್ಕೆ ಹೊರಟದ್ದಾ ಟೀಚರೇ?"

"ಹೌದು."

"ನಿಲ್ಲಿ." ಅವರು ನನ್ನ ಕಡೆ ತಿರುಗಿ ನಿಂತರು. ಅವರ ಕಣ್ಣಿನಲ್ಲಿ ನಾನು ಹಿಂದೆಂದೂ ನೋಡದ ಒಂದು ಬೇಡಿಕೆ ಇತ್ತು. "ನೀವು ಕಲಿತವರು. ನಿಮ್ಮ ಮಾತು ಊರು ಕೇಳ್ತದೆ. ಯೋಚನೆ ಮಾಡಿ ಹೇಳಿ. ಈ ಕಲ್ಲುಗಳಲ್ಲಿ ಯಾರದ್ದಾದ್ರೂ ಗುರುತು ಸಿಕ್ತದಾ?"

ನಾನು ನನ್ನ ಕಲ್ಲನ್ನು ನೋಡಿದೆ. ಮದುವೆಯಾದ ವರ್ಷದಿಂದ ಅದರಲ್ಲಿ ರುಬ್ಬುತ್ತಿದ್ದೆ.

"ಇಲ್ಲ" ಎಂದೆ. "ಒಂದರದ್ದೂ ಸಿಗುವುದಿಲ್ಲ."

"ಬೇರೆ ಯಾರಿಗಾದ್ರೂ?"

ಯಾರಿಗೂ ಸಿಗಲಿಲ್ಲ. ಗುರಿಕಾರರು ಟಾರ್ಚನ್ನು ಜೇಬಿಗೆ ಹಾಕಿಕೊಂಡರು.

"ಕಲ್ಲಿಗೆ ಯಜಮಾನರಿಲ್ಲ" ಎಂದರು. "ಹಾಗಾದ್ರೆ ಹಗ್ಗಕ್ಕೂ ಇಲ್ಲ. ಎರಡು ಮನೆ ಪಕ್ಕದಲ್ಲಿ ಕೂತಿದೆ, ನಾನು ಬಂದು ಕಂಡದ್ದು ಅಷ್ಟು. ಸುಂದರಿ, ದಿನ ಯಾವತ್ತು ಇಟ್ಟುಕೊಳ್ತೀರಿ?"

"ಅಡುಗೆಯವಳೇ ಮದುಮಗಳಾದ್ರೆ ಅಡುಗೆಗೆ ಜನ ಹುಡುಕ್ಬೇಕಲ್ಲ. ಎಂಟು ದಿನ ಕೊಡಿ" ಎಂದರು ಸುಂದರಿ. ಆಗ ಚಪ್ಪಾಳೆ ಬಿತ್ತು, ಯಾರೋ ಅತ್ತರು, ಕಡುಬಿನ ಪಾತ್ರೆಗಳು ಮನೆಗಳಿಂದ ಹೊರಗೆ ಬಂದವು. ವಾರಿಜ ಮಾತ್ರ ಬಗ್ಗಿ ಸೀರೆಗಳ ಗಂಟು ಬಿಚ್ಚುತ್ತಿದ್ದಳು. ಒಂದು ಗಂಟು ಬಿಡಲೇ ಇಲ್ಲ. ಭುಜಂಗ ಮೊಣಕಾಲೂರಿ ಕೂತು ಅದನ್ನು ಹಲ್ಲಿನಿಂದ ಬಿಡಿಸಿದ.

ಮನೆಯ ಹೊಟ್ಟೆ ಒಣಗಬೇಕೆಂದು ಕಲ್ಲುಗಳನ್ನೆಲ್ಲ ಹೊರಗೆ ತೆಗೆದು ಎರಡು ಮನೆಗಳ ಮುಂದೆ ಸಾಲಾಗಿ ಇಟ್ಟರು. ನಮಗೆ ನಮ್ಮ ಕಷ್ಟ ತಿಳಿದದ್ದು ಮರುದಿನ ಬೆಳಿಗ್ಗೆ. ಇಡೀ ಊರಿನಲ್ಲಿ ರುಬ್ಬಲು ಕಲ್ಲಿಲ್ಲ. ಇದು ನನ್ನದು ಎಂದು ಒಬ್ಬರು ಒಂದನ್ನು ಎತ್ತಿಕೊಂಡು ಹೋದರೂ ಗುರಿಕಾರರ ತೀರ್ಪು ಮುರಿದು ಬೀಳುತ್ತದೆ, ತೀರ್ಪಿನ ಹಿಂದೆ ಮದುವೆಯೂ. ಎರಡು ದಿನ ಊರು ಗಂಜಿ ಕುಡಿಯಿತು. ಮೂರನೆಯ ದಿನ ಲೂಸಿ ಬಾಯಿ ನೆನೆಸಿದ ಅಕ್ಕಿಯ ಪಾತ್ರೆ ಹಿಡಿದು ಬಂದು, "ನಿಮ್ಮಲ್ಲಿ ಕಲ್ಲು ಜಾಸ್ತಿ ಉಂಟಲ್ಲ ವಾರಿಜ, ಒಂದರಲ್ಲಿ ಸ್ವಲ್ಪ ರುಬ್ಬಿಕೊಳ್ತೇನೆ ಆಯ್ತಾ?" ಎಂದರು. ಸಂಜೆಯ ಹೊತ್ತಿಗೆ ಸಾಲು ತುಂಬಿತ್ತು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ಅಲ್ಲೇ ಇದ್ದೆವು. ಊರಿನ ಮದುವೆಯ ಹಿಟ್ಟು ಒಂದೇ ಅಂಗಳದಲ್ಲಿ ರುಬ್ಬಿದ್ದು ಅದೇ ಮೊದಲು. ಗುಂಡುಗಳು ತಿರುಗುವ ಸದ್ದಿಗೆ ಅಲೆಯ ಸದ್ದು ಕೇಳುತ್ತಿರಲಿಲ್ಲ. ಉಪ್ಪುನೀರಿನಲ್ಲಿ ಎಳೆಸಿಕೊಂಡು ಹಸಿರು ಸೀರೆ ಒಂದು ಮೊಳ ಉದ್ದವಾಗಿತ್ತು. ಅದನ್ನು ಜಗಲಿಯಲ್ಲಿ ಹರಡಿ, ಹೆಚ್ಚಾದ ಮೊಳವನ್ನು ಎಲ್ಲಿ ಮಡಿಸುವುದು ಎಂದು ಸುಂದರಿ ಭಾವೀ ಸೊಸೆಯ ಜೊತೆ ವಾದಿಸುತ್ತಿದ್ದರು. ನಮ್ಮಲ್ಲಿ ಯಾರೂ ತಮ್ಮ ಕಲ್ಲಿನ ಮುಂದೆ ಕೂರುತ್ತಿರಲಿಲ್ಲ. ಹೇಳಿಕೊಳ್ಳದೆಯೇ ಆದ ಏರ್ಪಾಡು ಅದು. ನನ್ನ ಕಲ್ಲಿನಲ್ಲಿ ಲೂಸಿ ಬಾಯಿ ಅಕ್ಕಿ ರುಬ್ಬುತ್ತಿದ್ದರು, ನಾನು ಯಾರದ್ದೋ ಬೂದುಕಲ್ಲಿನಲ್ಲಿ ಕಾಯಿ ರುಬ್ಬುತ್ತಿದ್ದೆ. ಆ ಕಲ್ಲಿನ ಗುಂಡು ನನ್ನ ಕೈಗೆ ಒಗ್ಗದೆ ಬೆರಳು ಎರಡು ಸಲ ಸಿಕ್ಕಿಕೊಂಡಿತ್ತು.

ಮೂರು ಗಂಟೆಯ ಹೊತ್ತಿಗೆ ಗುರಿಕಾರರು ಬಂದರು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನೆನೆಸಿದ ಉದ್ದಿನ ಪಾತ್ರೆ.

"ನಮ್ಮ ಮನೆಯವಳಿಗೆ ಮೊಣಕಾಲು ನೋವು" ಎಂದರು ಯಾರನ್ನೂ ನೋಡದೆ. "ಮದುವೆಗೆ ನಮ್ಮದೂ ಒಂದು ಪಾಲು ಹಿಟ್ಟು ಬೇಕಲ್ಲ."

ನಾಲ್ಕೈದು ಜನ ಎದ್ದು ಜಾಗ ಕೊಡಲು ಹೊರಟರು. ಅವರಿಗೆ ಅದು ಕಾಣಲಿಲ್ಲ. ಸಾಲುಗಳ ನಡುವೆ ನೇರ ನಡೆದು ಹೋಗಿ ಮೂರನೆಯ ಸಾಲಿನ ಕೊನೆಯಲ್ಲಿದ್ದ, ಅಂಚು ಸ್ವಲ್ಪ ಒಡೆದ ಕರಿಯ ಕಲ್ಲಿನ ಮುಂದೆ ಕೂತರು. ಗುಂಡನ್ನು ಎತ್ತಿ, ಸ್ವಲ್ಪ ಓರೆ ಮಾಡಿ, ಅದು ಕೂರುವ ಕುಳಿಯಲ್ಲಿ ಒಂದೇ ಸಲಕ್ಕೆ ಕೂರಿಸಿದರು. ಹಾಗೆ ಕೂರಿಸುವುದು ಆ ಕಲ್ಲಿನೊಡನೆ ಜೀವನ ಮಾಡಿದವರಿಗೆ ಮಾತ್ರ ಬರುವಂಥದ್ದು.

ನಲವತ್ತು ಗುಂಡುಗಳೂ ಒಮ್ಮೆಗೇ ನಿಂತವು. ಕಡಲು ಕೇಳಿಸಿತು. ಗುರಿಕಾರರ ಕೈಯೂ ನಿಂತಿತು. ಅವರ ಕಿವಿಯ ತುದಿ ಕೆಂಪಗಾದದ್ದು ನನಗೆ ಕಾಣುತ್ತಿತ್ತು.

"ಈ ಅಕ್ಕಿ ಭಾರೀ ಗಟ್ಟಿ ಉಂಟು ಮಾರಾಯ್ರೇ" ಎಂದು ಲೂಸಿ ಬಾಯಿ ಜೋರಾಗಿ ಹೇಳಿ ನನ್ನ ಕಲ್ಲನ್ನು ತಿರುಗಿಸತೊಡಗಿದರು. ಪಕ್ಕದವರು ತಿರುಗಿಸಿದರು, ಅವರ ಪಕ್ಕದವರೂ. ಎಲ್ಲರೂ ತಲೆ ತಗ್ಗಿಸಿ ರುಬ್ಬುವುದರಲ್ಲಿ ಮುಳುಗಿಬಿಟ್ಟರು.

"ಟೀಚರೇ" ಎಂದರು ಗುರಿಕಾರರು ಸ್ವಲ್ಪ ಹೊತ್ತಿನ ಮೇಲೆ, ಮೆಲ್ಲನೆ. "ಆ ತಂಬಿಗೆ ಇತ್ತ ತರ್ತೀರಾ? ಉದ್ದಿಗೆ ನೀರು ಸಾಲುವುದಿಲ್ಲ."

ನಾನು ಎದ್ದು ಹೋಗಿ ಅವರ ಕಲ್ಲಿಗೆ ನೀರು ಹಾಕಿದೆ.